ಉಸಿರಿಗೆ ಸ್ಕೇಲ್ ಇಟ್ಟ ಡಾಕ್ಟರ್: ಜಾನ್ ಹಚಿನ್ಸನ್

ಹೋದ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಕೆಮ್ಮಿನ ಬಲ ಅಳೆಯೋ ಮೆಷಿನ್ ಮಾಡ್ತೀವಿ ಅಂತ ಹೇಳಿದಾಗ ಇಡೀ ಕ್ಲಾಸ್ ನಕ್ಕಿತು. ಕೊನೇ ಬೆಂಚಿನವರು ಆವತ್ತಿಂದ ನಮ್ಮನ್ನ ನೋಡಿದಾಗಲೆಲ್ಲ ಬೇಕಂತಲೇ ಕೆಮ್ಮೋಕೆ ಶುರು ಮಾಡಿದರು. ಪರವಾಗಿಲ್ಲ, ನಮಗೆ ಡೇಟಾ ಬೇಕಿತ್ತು.

ಈ ವಿಷಯ ನಾವು ಸುಮ್ಮನೆ ಆರಿಸಿಕೊಂಡಿದ್ದಲ್ಲ. ನಮ್ಮ ಟೀಮಿನ ಒಬ್ಬನ ಅಜ್ಜನಿಗೆ ಹೋದ ವರ್ಷ ಸ್ಟ್ರೋಕ್ ಆಯ್ತು. ಮನೆಗೆ ಬಂದ ಮೇಲೆ ಫಿಸಿಯೋಥೆರಪಿಸ್ಟ್ ದಿನಾ ಬಂದು, ಅಜ್ಜಾ ಒಂದು ಸಲ ಜೋರಾಗಿ ಕೆಮ್ಮಿ ಅಂತ ಕೇಳೋರು. ಅಜ್ಜ ಸುಮ್ಮನೆ ಅವರ ಮುಖ ನೋಡೋರು, ಗಂಟಲಲ್ಲಿ ಒಂದು ಸಣ್ಣ ಸದ್ದು ಬಿಟ್ಟರೆ ಏನೂ ಬರ್ತಿರಲಿಲ್ಲ. ಆದರೆ ರಾತ್ರಿ ನೀರು ಕುಡಿಯುವಾಗ ನೆತ್ತಿಗೆ ಹತ್ತಿದರೆ ಚೆನ್ನಾಗೇ ಕೆಮ್ಮುತ್ತಿದ್ದರು. ಇದನ್ನ ನೋಡಿ ಮನೆಯವರಿಗೆಲ್ಲ ಅಜ್ಜ ಹಠ ಮಾಡ್ತಿದಾರೆ ಅನ್ನಿಸಿತು. ಈಗ ಕೆಮ್ಮೋಕೆ ಬರುತ್ತೆ, ಹೇಳಿದಾಗ ಯಾಕೆ ಬರಲ್ಲ ಅಂತ ಗದರಿದ್ದೂ ಆಯ್ತು. ನಮ್ಮ ಗೆಳೆಯನೂ ಗದರಿದ್ದ.

ಆಮೇಲೆ ಓದಿದಾಗ ಗೊತ್ತಾಯ್ತು, ಬೇಕಂತ ಕೆಮ್ಮೋದು ಬೇರೆ, ತಾನಾಗಿ ಬರೋ ಕೆಮ್ಮು ಬೇರೆ. ಎರಡಕ್ಕೂ ಮೈಯಲ್ಲಿ ದಾರಿಗಳೇ ಬೇರೆ. ಈ ಎರಡನ್ನೂ ಬೇರೆ ಬೇರೆಯಾಗಿ ಅಳೆಯೋಕೆ ಆಗುತ್ತಾ ಅಂತ ಹುಡುಕ್ತಾ ಹೋದ ನಮಗೆ ಸಿಕ್ಕಿದ್ದು 180 ವರ್ಷ ಹಿಂದಿನ ಒಬ್ಬ ಇಂಗ್ಲಿಷ್ ಡಾಕ್ಟರ್. ಹೆಸರು ಜಾನ್ ಹಚಿನ್ಸನ್. ಮೆಡಿಕಲ್ ಓದುವವರಿಗೆ ಫಿಸಿಯಾಲಜಿಯಲ್ಲಿ ಮೊದಲ ವರ್ಷವೇ ಸಿಗುವ ಹೆಸರು. ಆದರೆ ಅವರ ಕಥೆಯನ್ನು ಓದಬೇಕಾದವರು ನಾವು ಅಂತ ನಮಗೆ ಅನ್ನಿಸಿತು, ಯಾಕೆಂದರೆ ಅವರು ಮಾಡಿದ್ದು ಪಕ್ಕಾ ಇಂಜಿನಿಯರಿಂಗ್ ಕೆಲಸ. ಅದಕ್ಕೇ ಈ ಸಲ ಅವರ ಬಗ್ಗೆ ಬರೀತಿದೀವಿ.

ಕಿವಿ ಮಾತ್ರ ಇದ್ದ ಕಾಲ

ಹಚಿನ್ಸನ್ ಹುಟ್ಟಿದ್ದು 1811ರಲ್ಲಿ, ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ನ್ಯೂಕ್ಯಾಸಲ್ ಹತ್ತಿರದ ರೈಟನ್ ಎಂಬ ಊರಿನಲ್ಲಿ. ಕಲ್ಲಿದ್ದಲ ಗಣಿಗಳ ಸೀಮೆ ಅದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯಕೀಯ ಓದಿದರು. ಚಿತ್ರ ಬರೆಯುತ್ತಿದ್ದರು, ಶಿಲ್ಪ ಮಾಡುತ್ತಿದ್ದರು, ಪಿಟೀಲು ನುಡಿಸುತ್ತಿದ್ದರು. ಕೈ ಚುರುಕಾದ ಮನುಷ್ಯ ಅಂತ ಇದರಲ್ಲೇ ಗೊತ್ತಾಗುತ್ತೆ.

ಅವರು ಡಾಕ್ಟರಾದ ಕಾಲವನ್ನು ಒಂದು ಸಲ ಕಲ್ಪಿಸಿಕೊಳ್ಳಿ. ಲಂಡನ್ ತುಂಬ ಹೊಗೆ, ಇಕ್ಕಟ್ಟಿನ ಮನೆಗಳು, ಎಲ್ಲಿ ನೋಡಿದರೂ ಕ್ಷಯ. ಆ ಕಾಯಿಲೆ ಒಂದು ಬ್ಯಾಕ್ಟೀರಿಯಾದಿಂದ ಬರುತ್ತೆ ಅಂತ ರಾಬರ್ಟ್ ಕಾಖ್ ತೋರಿಸಿದ್ದು 1882ರಲ್ಲಿ. ಎಕ್ಸ್-ರೇ ಬಂದದ್ದು 1895ರಲ್ಲಿ. ಅಂದರೆ ಹಚಿನ್ಸನ್ ಕೈಯಲ್ಲಿ ಇವು ಯಾವುದೂ ಇಲ್ಲ. ಎದೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಬಹುದಿತ್ತು. ಫ್ರಾನ್ಸಿನ ಲೆನೆಕ್ 1816ರಲ್ಲಿ ಕಂಡುಹಿಡಿದ ಸ್ಟೆತೋಸ್ಕೋಪ್ ಇಟ್ಟು ಕೇಳಬಹುದಿತ್ತು. ಎರಡೂ ಕಿವಿಯ ಕೆಲಸವೇ. ಒಬ್ಬ ಡಾಕ್ಟರ್ ಕಿವಿಗೆ ಕೇಳಿದ್ದು ಇನ್ನೊಬ್ಬರ ಕಿವಿಗೆ ಕೇಳಲೇಬೇಕು ಅಂತೇನಿಲ್ಲ. ಕೇಳಿದ್ದನ್ನು ಬರೆದಿಟ್ಟರೂ ಎರಡು ವರ್ಷ ಬಿಟ್ಟು ಹೋಲಿಸಿ ನೋಡೋದು ಕಷ್ಟ.

ಹಚಿನ್ಸನ್‌ಗೆ ಬೇಕಾಗಿದ್ದು ಒಂದು ನಂಬರ್. ಅದಕ್ಕೆ ಒಂದು ಕಾರಣ ಅವರ ಕೆಲಸದಲ್ಲೇ ಇತ್ತು. ಅವರು ಬ್ರಿಟಾನಿಯಾ ಅನ್ನೋ ಜೀವ ವಿಮಾ ಕಂಪನಿಗೆ ವೈದ್ಯರಾಗಿದ್ದರು. ವಿಮೆ ಮಾಡಿಸೋಕೆ ಬಂದವನು ಎಷ್ಟು ವರ್ಷ ಬದುಕಬಹುದು ಅನ್ನೋದೇ ಆ ಕಂಪನಿಗಳ ಲೆಕ್ಕಾಚಾರ. ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿ ಕಾಣೋ ಮನುಷ್ಯನ ಎದೆಯೊಳಗೆ ಕ್ಷಯ ಶುರುವಾಗಿದೆಯಾ ಇಲ್ಲವಾ ಅಂತ ಮೊದಲೇ ಹೇಳುವ ಉಪಾಯ ಸಿಕ್ಕರೆ ಕಂಪನಿಗೂ ಲಾಭ, ರೋಗಿಗೂ ಅನುಕೂಲ. ಇಬ್ಬರಿಗೂ ಒಂದೇ ಮೆಷಿನ್. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗೋಬರ್ ಗ್ಯಾಸ್ ಡ್ರಮ್ಮಿನ ಅಣ್ಣ

ಉಸಿರು ಅಳೆಯೋ ಪ್ರಯತ್ನ ಹಚಿನ್ಸನ್‌ಗಿಂತ ಮೊದಲೂ ಆಗಿತ್ತು. ಇಟಲಿಯ ಬೊರೆಲ್ಲಿ 17ನೇ ಶತಮಾನದಲ್ಲೇ ಒಂದು ಉಸಿರಿಗೆ ಎಷ್ಟು ಗಾಳಿ ಅಂತ ನೋಡಿದ್ದರು. ಹಂಫ್ರಿ ಡೇವಿ 1800ರ ಹೊತ್ತಿಗೆ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು, ಹೈಡ್ರೋಜನ್ ಉಸಿರಾಡಿ, ಪೂರ್ತಿ ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಎಷ್ಟು ಗಾಳಿ ಉಳಿಯುತ್ತೆ ಅಂತ ಲೆಕ್ಕ ಹಾಕಿದ್ದರು. ಆದರೆ ಅವು ಒಬ್ಬಿಬ್ಬರ ಮೇಲಿನ ಪ್ರಯೋಗಗಳು. ಯಾರು ಬೇಕಾದರೂ ಬಂದು ಊದಿ, ಯಾರು ಬೇಕಾದರೂ ಓದಬಹುದಾದ ಒಂದು ಉಪಕರಣವನ್ನು ಮಾಡಿ, ಅದಕ್ಕೆ ಸ್ಪೈರೋಮೀಟರ್ ಅಂತ ಹೆಸರಿಟ್ಟು, ಸಾವಿರಾರು ಜನರ ಮೇಲೆ ಪ್ರಯೋಗಿಸಿದ್ದು ಹಚಿನ್ಸನ್.

ಈ ಮೆಷಿನ್ ಹೇಗಿತ್ತು? ಹಳ್ಳಿ ಕಡೆಯವರಿಗೆ ಹೇಳೋದು ಸುಲಭ. ಗೋಬರ್ ಗ್ಯಾಸ್ ಪ್ಲಾಂಟ್‌ನಲ್ಲಿ ಮಗುಚಿ ಹಾಕಿದ ಕಬ್ಬಿಣದ ಡ್ರಮ್ ಇರುತ್ತಲ್ಲ, ಗ್ಯಾಸ್ ತುಂಬಿದ ಹಾಗೆ ಮೇಲೆ ಏಳುತ್ತಲ್ಲ, ಅದೇ ತತ್ವ. ಒಂದು ತೊಟ್ಟಿಯಲ್ಲಿ ನೀರು. ಅದರೊಳಗೆ ಬಾಯಿ ಕೆಳಗಾಗಿ ಇಟ್ಟ ಇನ್ನೊಂದು ಪಾತ್ರೆ. ಕೆಳಗಿನಿಂದ ಒಂದು ಕೊಳವೆ ನೀರಿನ ಮಟ್ಟಕ್ಕಿಂತ ಮೇಲೆ ಬಂದು ಆ ಪಾತ್ರೆಯೊಳಗೆ ತೆರೆದುಕೊಳ್ಳುತ್ತೆ. ನಾವು ಕೊಳವೆಯ ಇನ್ನೊಂದು ತುದಿಗೆ ಊದಿದರೆ ಪಾತ್ರೆ ಮೇಲೇಳುತ್ತೆ. ಎಷ್ಟು ಎದ್ದಿತು ಅಂತ ಪಕ್ಕದ ಸ್ಕೇಲಿನಲ್ಲಿ ಓದಿದರೆ ಎಷ್ಟು ಗಾಳಿ ಅಂತ ಗೊತ್ತಾಗುತ್ತೆ.

ಇಲ್ಲಿ ಒಂದು ಸಮಸ್ಯೆ ಇದೆ, ಥರ್ಮೋಡೈನಾಮಿಕ್ಸ್ ಓದಿದವರು ಆಗಲೇ ಹಿಡಿದಿರ್ತೀರಿ. ಪಾತ್ರೆಗೆ ತನ್ನದೇ ಭಾರ ಇದೆ. ಊದೋ ಮನುಷ್ಯ ಆ ಭಾರವನ್ನೂ ಎತ್ತಬೇಕಾದರೆ ಒಳಗಿನ ಗಾಳಿಯ ಒತ್ತಡ ಹೊರಗಿನದ್ದಕ್ಕಿಂತ ಜಾಸ್ತಿ ಆಗುತ್ತೆ, ಗಾಳಿ ಕುಗ್ಗುತ್ತೆ, ರೀಡಿಂಗ್ ತಪ್ಪುತ್ತೆ. ಅದಕ್ಕೆ ಹಚಿನ್ಸನ್ ಪಾತ್ರೆಗೆ ದಾರ ಕಟ್ಟಿ, ಮೇಲೆ ರಾಟೆ ಹಾಕಿ, ಇನ್ನೊಂದು ಕಡೆ ಸಮತೂಕದ ಬಟ್ಟು ಇಳಿಬಿಟ್ಟರು. ಬಾವಿ ರಾಟೆಯ ಹಾಗೆ. ಈಗ ಪಾತ್ರೆ ತೇಲಿದ ಹಾಗೆ ಮೇಲೇಳುತ್ತೆ, ಒಳಗೂ ಹೊರಗೂ ಒತ್ತಡ ಸಮ. ಎರಡನೇ ಸಮಸ್ಯೆ ಉಷ್ಣತೆ. ಮೈಯೊಳಗಿನ ಬಿಸಿ ಗಾಳಿ ತಣ್ಣಗಿನ ಪಾತ್ರೆಗೆ ಬಂದು ಕುಗ್ಗುತ್ತೆ. ಅದಕ್ಕೆ ಥರ್ಮಾಮೀಟರ್ ಇಟ್ಟು ಪ್ರತಿ ರೀಡಿಂಗನ್ನೂ 60 ಡಿಗ್ರಿ ಫ್ಯಾರನ್‌ಹೀಟ್‌ಗೆ ತಿದ್ದಿ ಬರೆದರು. ನಾವು ಲ್ಯಾಬ್‌ನಲ್ಲಿ ಕರೆಕ್ಷನ್ ಫ್ಯಾಕ್ಟರ್ ಬಿಟ್ಟು ರೆಕಾರ್ಡ್ ಸಬ್ಮಿಟ್ ಮಾಡೋರು, ಇದನ್ನ ಓದಿ ಸ್ವಲ್ಪ ನಾಚಿಕೆಯಾಯ್ತು.

ಊದೋಕೂ ಒಂದು ಕ್ರಮ ಇತ್ತು. ವೇಸ್ಟ್‌ಕೋಟಿನ ಗುಂಡಿ ಬಿಚ್ಚಬೇಕು. ನೆಟ್ಟಗೆ ನಿಲ್ಲಬೇಕು. ತಲೆ ಹಿಂದಕ್ಕೆ ಇಟ್ಟು ನಿಧಾನವಾಗಿ ಎದೆ ತುಂಬ ಉಸಿರು ತಗೊಂಡು, ಆಮೇಲೆ ಇನ್ನು ಒಂದು ಚೂರೂ ಉಳಿದಿಲ್ಲ ಅನ್ನೋವರೆಗೆ ಕೊಳವೆಗೆ ಬಿಡಬೇಕು. ಹೀಗೆ ಬಂದ ಅಳತೆಗೆ ಅವರು ಕೊಟ್ಟ ಹೆಸರು ವೈಟಲ್ ಕೆಪ್ಯಾಸಿಟಿ. ಇವತ್ತಿಗೂ ಪ್ರಪಂಚದ ಎಲ್ಲ ಆಸ್ಪತ್ರೆಗಳಲ್ಲಿ ಅದೇ ಹೆಸರು. ಎಷ್ಟೇ ಊದಿದರೂ ಹೊರಗೆ ಬಾರದೆ ಉಳಿಯುವ ಗಾಳಿಗೆ ರೆಸಿಡ್ಯುಯಲ್ ಅಂದರು. ಅದೂ ಉಳಿದಿದೆ.

ಕುಸ್ತಿಪಟುಗಳಿಂದ ಬಡವರವರೆಗೆ

1844ರಲ್ಲಿ ಹಚಿನ್ಸನ್ ತಮ್ಮ ಮೊದಲ ಫಲಿತಾಂಶಗಳನ್ನು ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಮುಂದೆ ಇಟ್ಟರು. ಗಮನಿಸಿ, ಮೊದಲು ಹೋದದ್ದು ಅಂಕಿಅಂಶದವರ ಹತ್ತಿರ. 1846ರಲ್ಲಿ ರಾಯಲ್ ಮೆಡಿಕಲ್ ಅಂಡ್ ಚಿರರ್ಜಿಕಲ್ ಸೊಸೈಟಿಯಲ್ಲಿ ಓದಿದ ದೊಡ್ಡ ಪ್ರಬಂಧದ ಹೊತ್ತಿಗೆ ಅವರ ಪಟ್ಟಿಯಲ್ಲಿ 2,000ಕ್ಕೂ ಹೆಚ್ಚು ಜನ ಇದ್ದರು.

ಆ ಪಟ್ಟಿಯೇ ಒಂದು ಜಾತ್ರೆ. ನಾವಿಕರು, ಬೆಂಕಿ ಆರಿಸುವವರು, ಲಂಡನ್ ಪೊಲೀಸರು, ಥೇಮ್ಸ್ ನದಿಯ ಪೊಲೀಸರು, ಸೈನಿಕರು, ಪ್ರೆಸ್‌ನಲ್ಲಿ ಕೆಲಸ ಮಾಡುವವರು, ಬಂಡಿ ಹೊಡೆಯುವವರು, ಬಾಕ್ಸರುಗಳು, ಕುಸ್ತಿಯವರು, ಅನಾಥಾಲಯದಂಥ ಕಡೆ ಇದ್ದ ಬಡವರು, ದೊಡ್ಡ ಮನೆತನದವರು, ಹುಡುಗಿಯರು, ದೈತ್ಯರು, ಕುಳ್ಳರು. ಒಬ್ಬೊಬ್ಬರ ಎತ್ತರ, ತೂಕ, ವಯಸ್ಸು, ಎದೆಯ ಸುತ್ತಳತೆ, ಊದಿದ ಗಾಳಿ, ಎಲ್ಲವೂ ಕೋಷ್ಟಕದಲ್ಲಿ. ಕಂಪ್ಯೂಟರ್ ಇಲ್ಲ, ಎಕ್ಸೆಲ್ ಇಲ್ಲ. ನಾವು 32 ಜನರ ರೀಡಿಂಗ್ ತಗೊಳೋಷ್ಟರಲ್ಲಿ ಎರಡು ಶನಿವಾರ ಹೋಗಿತ್ತು.

ಇಷ್ಟೆಲ್ಲ ಡೇಟಾದಿಂದ ಅವರಿಗೆ ಸಿಕ್ಕಿದ ದೊಡ್ಡ ಉತ್ತರ ತುಂಬಾ ಸರಳ. ಉಸಿರಿನ ಪ್ರಮಾಣ ಮುಖ್ಯವಾಗಿ ಎತ್ತರದ ಜೊತೆ ಹೋಗುತ್ತೆ. 5 ಅಡಿಯಿಂದ 6 ಅಡಿವರೆಗಿನ ಗಂಡಸರಲ್ಲಿ ಪ್ರತಿ ಒಂದು ಇಂಚು ಎತ್ತರಕ್ಕೆ ಸುಮಾರು 8 ಘನ ಇಂಚು ಗಾಳಿ ಜಾಸ್ತಿ. ನಮ್ಮ ಲೆಕ್ಕದಲ್ಲಿ ಸುಮಾರು 130 ಮಿಲಿ. ನಮ್ಮ ಟೀಮಿನಲ್ಲಿ ಒಬ್ಬ 5 ಅಡಿ 3 ಇಂಚು, ಇನ್ನೊಬ್ಬ 5 ಅಡಿ 10 ಇಂಚು. ಈ ನಿಯಮದ ಪ್ರಕಾರ ಇಬ್ಬರ ನಡುವೆ ಹತ್ತಿರ ಹತ್ತಿರ 900 ಮಿಲಿ ವ್ಯತ್ಯಾಸ. ಎದೆ ಅಗಲ ಇರೋನಿಗೆ ಉಸಿರು ಜಾಸ್ತಿ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಹಚಿನ್ಸನ್ ಕೋಷ್ಟಕ ಅದನ್ನು ಒಪ್ಪಲಿಲ್ಲ. ಜಿಮ್‌ನಲ್ಲಿ ಎದೆ ಉಬ್ಬಿಸಿಕೊಂಡು ಓಡಾಡೋ ಸೀನಿಯರ್ಸ್ ದಯವಿಟ್ಟು ಬೇಜಾರು ಮಾಡ್ಕೋಬೇಡಿ. ವಯಸ್ಸಾದ ಹಾಗೆ ಈ ಪ್ರಮಾಣ ಇಳಿಯುತ್ತೆ ಅನ್ನೋದನ್ನೂ ಅವರು ತೋರಿಸಿದರು.

ಈಗ ಈ ನಿಯಮದ ಉಪಯೋಗ ನೋಡಿ. ಎತ್ತರ ಗೊತ್ತಿದ್ದರೆ ಇವನ ಉಸಿರು ಎಷ್ಟಿರಬೇಕು ಅಂತ ಹೇಳಬಹುದು. ಎಷ್ಟಿರಬೇಕು ಅಂತ ಗೊತ್ತಿದ್ದರೆ ಎಷ್ಟು ಕಡಿಮೆ ಇದೆ ಅಂತಲೂ ಹೇಳಬಹುದು. ಆ ಕಡಿಮೆಯೇ ಕಾಯಿಲೆಯ ಸುಳಿವು.

ಫ್ರೀಮನ್ ಎಂಬ ದೈತ್ಯ

ಹಚಿನ್ಸನ್ ಅಳೆದವರಲ್ಲಿ ಎಲ್ಲರಿಗಿಂತ ನಮ್ಮ ಮನಸ್ಸಿನಲ್ಲಿ ಉಳಿದವನು ಚಾರ್ಲ್ಸ್ ಫ್ರೀಮನ್. ಅಮೆರಿಕದವನು, ಏಳು ಅಡಿಗೆ ಹತ್ತಿರದ ಎತ್ತರ. ಬಾಕ್ಸಿಂಗ್ ಆಡಿಸೋಕೆ ಅಂತ 1842ರಲ್ಲಿ ಅವನನ್ನು ಇಂಗ್ಲೆಂಡಿಗೆ ಕರೆತಂದಿದ್ದರು. ಅಮೆರಿಕನ್ ದೈತ್ಯ ಅಂತಲೇ ಹೆಸರು, ನೋಡೋಕೆ ಜನ ಮುಗಿಬೀಳುತ್ತಿದ್ದರು.

ಅವನು ಬಂದ ಹೊಸದರಲ್ಲಿ ಹಚಿನ್ಸನ್ ಅವನ ಕೈಯಲ್ಲಿ ಊದಿಸಿದರು. 434 ಘನ ಇಂಚು. ಅಂದರೆ 7 ಲೀಟರಿಗೂ ಸ್ವಲ್ಪ ಹೆಚ್ಚು. ಎರಡು ವರ್ಷ ಆದ ಮೇಲೆ, 1844ರಲ್ಲಿ, ಅದೇ ಮನುಷ್ಯ ಮತ್ತೆ ಸಿಕ್ಕಿದ. ಮತ್ತೆ ಊದಿಸಿದರು. ಈ ಸಲ 390ಕ್ಕೆ ಇಳಿದಿತ್ತು, ಆಮೇಲೆ ಇನ್ನೂ ಇಳಿದು 340ರ ಆಸುಪಾಸಿಗೆ ಬಂತು. ಹತ್ತಿರ ಹತ್ತಿರ ಒಂದೂವರೆ ಲೀಟರ್ ಗಾಳಿ ಎರಡು ವರ್ಷದಲ್ಲಿ ಮಾಯ. ಸ್ಟೆತೋಸ್ಕೋಪ್ ಇಟ್ಟು ಪರೀಕ್ಷೆ ಮಾಡಿದಾಗ ಕಿವಿಗೆ ಕಾಯಿಲೆಯ ಸದ್ದು ಸಿಕ್ಕಿರಲಿಲ್ಲ. ಉಸಿರು ಮಾತ್ರ ಆಗಲೇ ಹೇಳಿಯಾಗಿತ್ತು. 1845ರ ಅಕ್ಟೋಬರಿನಲ್ಲಿ ಫ್ರೀಮನ್ ವಿಂಚೆಸ್ಟರ್‌ನಲ್ಲಿ ಕ್ಷಯದಿಂದ ತೀರಿಕೊಂಡ.

ಹಚಿನ್ಸನ್ ವಾದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿರಲಿಲ್ಲ. ಆ ಎತ್ತರದ ಮನುಷ್ಯನಿಗೆ 340 ಅನ್ನೋದು ಬೇರೆಯವರ ಪಕ್ಕ ಇಟ್ಟು ನೋಡಿದರೆ ದೊಡ್ಡ ನಂಬರೇ. ಸಾಮಾನ್ಯ ಮನುಷ್ಯನಿಗಿಂತ ಜಾಸ್ತಿಯೇ. ಆದರೆ ಅವನದೇ ಹಳೇ ರೀಡಿಂಗ್ ಪಕ್ಕ ಇಟ್ಟಾಗ ಮಾತ್ರ ಅದರ ಅರ್ಥ ತಿಳಿಯೋದು. ನಮಗೆ ಇದು ಬರೀ ಮೆಡಿಕಲ್ ಪಾಠ ಅನ್ನಿಸಲಿಲ್ಲ. ಬೇಸ್‌ಲೈನ್ ಇಲ್ಲದ ರೀಡಿಂಗ್ ಅರ್ಧ ರೀಡಿಂಗ್.

ಇದರ ಜೊತೆ ಇನ್ನೊಂದು ಮಾತೂ ಕಾಡುತ್ತೆ. ಮೆಷಿನ್ ಸರಿಯಾಗಿ ಹೇಳಿತು, ಆದರೆ ಆ ಕಾಲದಲ್ಲಿ ಕ್ಷಯಕ್ಕೆ ಔಷಧಿ ಇರಲಿಲ್ಲ. ಗೊತ್ತಾಗಿದ್ದರಿಂದ ಫ್ರೀಮನ್‌ಗೆ ಏನೂ ಸಹಾಯ ಆಗಲಿಲ್ಲ.

ಪದಗಳಿದ್ದ ಡಯಲ್

ಗಾಳಿ ಎಷ್ಟು ಅನ್ನೋದು ಒಂದು ಪ್ರಶ್ನೆ. ಅದನ್ನು ಎಷ್ಟು ಬಲವಾಗಿ ತಳ್ಳುತ್ತಾನೆ ಅನ್ನೋದು ಇನ್ನೊಂದು. ಈ ಎರಡನೇ ಪ್ರಶ್ನೆಯೇ ನಮ್ಮನ್ನು ಹಚಿನ್ಸನ್ ಹತ್ತಿರ ತಂದದ್ದು. ಅದಕ್ಕೂ ಅವರು ಒಂದು ಉಪಕರಣ ಮಾಡಿದ್ದರು. ಬಾಗಿದ ಗಾಜಿನ ಕೊಳವೆಯಲ್ಲಿ ಪಾದರಸ, ಅಂದರೆ ನಾವು ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ನೋಡೋ ಮ್ಯಾನೋಮೀಟರ್. ಊದುವುದು ಬಾಯಿಂದಲ್ಲ, ಮೂಗಿನಿಂದ. ಬಾಯಿಂದ ಊದಿದರೆ ಕೆನ್ನೆ, ನಾಲಿಗೆ ಎಲ್ಲ ಸೇರಿ ಮೋಸ ಮಾಡುತ್ತವೆ. ಮೂಗಿನಿಂದ ಆದರೆ ಎದೆಯ ಸ್ನಾಯುಗಳ ಬಲ ಮಾತ್ರ ಬರುತ್ತೆ.

ಇದರ ಡಯಲ್ ಮೇಲೆ ಬರೀ ಅಂಕಿ ಇರಲಿಲ್ಲ, ಪದಗಳೂ ಇದ್ದವು. ದುರ್ಬಲ, ಸಾಧಾರಣ, ಬಲವಾದ, ತುಂಬಾ ಬಲವಾದ ಅಂತ ಶುರುವಾಗಿ, ಗಮನಾರ್ಹ, ಅತಿ ಗಮನಾರ್ಹ, ಅಸಾಧಾರಣ, ಅತಿ ಅಸಾಧಾರಣ ಅಂತ ಮುಗಿಯೋದು. ಉಸಿರು ಎಳೆಯುವಾಗ ಪಾದರಸ ಒಂದೂವರೆ ಇಂಚು, ಬಿಡುವಾಗ 2 ಇಂಚು ಸರಿದರೆ ದುರ್ಬಲ. ಅತಿ ಅಸಾಧಾರಣ ಅನ್ನಿಸಿಕೊಳ್ಳೋಕೆ ಎಳೆಯುವಾಗ 7, ಬಿಡುವಾಗ 10 ಇಂಚು ಬೇಕು. ಆರೋಗ್ಯವಂತನಲ್ಲಿ ಬಿಡುವ ಬಲ ಎಳೆಯುವ ಬಲಕ್ಕಿಂತ ಸುಮಾರು ಮೂರನೇ ಒಂದು ಪಾಲು ಜಾಸ್ತಿ ಅಂತ ಅವರ ಲೆಕ್ಕ.

ಕೆಮ್ಮು ಅಂದರೆ ಈ ಬಿಡುವ ಬಲದ ಕೆಲಸವೇ. ಮೊದಲು ಉಸಿರು ಎಳ್ಕೋತೀವಿ. ಗಂಟಲಿನ ಬಾಗಿಲು ಸುಮಾರು 0.2 ಸೆಕೆಂಡ್ ಮುಚ್ಚುತ್ತೆ, ಹೊಟ್ಟೆ ಎದೆಯ ಸ್ನಾಯುಗಳು ಒಳಗಿನ ಗಾಳಿಯನ್ನು ಅಮುಕುತ್ತವೆ. ಒತ್ತಡ 100 ಮಿಲಿಮೀಟರ್ ಪಾದರಸವನ್ನೂ ದಾಟಬಹುದು. ಬಾಗಿಲು ಫಟ್ ಅಂತ ತೆಗೆಯುತ್ತೆ, ಗಾಳಿ ಕಫವನ್ನೂ ಎಳಕೊಂಡು ನುಗ್ಗುತ್ತೆ. ಗಾಳಿ ಎಷ್ಟು, ಬಲ ಎಷ್ಟು ಅಂತ ಹಚಿನ್ಸನ್ ಅಳೆದರು. ಆದರೆ ಅವರ ಎರಡೂ ಉಪಕರಣಗಳಲ್ಲಿ ಗಡಿಯಾರ ಇರಲಿಲ್ಲ. ಎಷ್ಟು ಬೇಗ ಅನ್ನೋದು ಅವರ ಕೈಗೆ ಬರಲಿಲ್ಲ.

ಇನ್ನೊಂದು ಮಿತಿಯೂ ಇತ್ತು. ಅವರ ಉಪಕರಣ ಕೆಲಸ ಮಾಡಬೇಕಾದರೆ ಎದುರಿಗಿರೋ ಮನುಷ್ಯ ಮನಸ್ಸು ಮಾಡಬೇಕು. ಹೇಳಿದ್ದು ಅರ್ಥ ಆಗಬೇಕು, ಪೂರ್ತಿ ಶಕ್ತಿ ಹಾಕಬೇಕು. ಮನಸ್ಸಿನ ಅಪ್ಪಣೆ ಇಲ್ಲದೆ ತಾನಾಗಿ ನಡೆಯುವ ಉಸಿರಿನ ಬಲ ಅವರ ಡಯಲ್ ಮೇಲೆ ಬರೋಕೆ ಸಾಧ್ಯವೇ ಇರಲಿಲ್ಲ.

ಎಲ್ಲ ಬಿಟ್ಟು ಹೊರಟದ್ದು

ಇಷ್ಟು ಹೆಸರು ಮಾಡಿದ ಮನುಷ್ಯ ಲಂಡನ್ನಿನಲ್ಲೇ ದೊಡ್ಡ ಡಾಕ್ಟರಾಗಿ ಉಳಿಯಬೇಕಿತ್ತು ತಾನೇ? ಕ್ಷಯ ರೋಗಿಗಳಿಗೇ ಅಂತ ಇದ್ದ ಬ್ರಾಂಪ್ಟನ್ ಆಸ್ಪತ್ರೆಯಲ್ಲೂ ಕೆಲಸ ಸಿಕ್ಕಿತ್ತು. ಆದರೆ 1852ರಲ್ಲಿ ಹಚಿನ್ಸನ್ ಹೆಂಡತಿ ಮಕ್ಕಳನ್ನು ಇಂಗ್ಲೆಂಡಿನಲ್ಲೇ ಬಿಟ್ಟು ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದರು. ಅಲ್ಲಿನ ವಿಕ್ಟೋರಿಯಾದಲ್ಲಿ ಹಿಂದಿನ ವರ್ಷವಷ್ಟೇ ಚಿನ್ನ ಸಿಕ್ಕಿತ್ತು. ಪ್ರಪಂಚದ ಮೂಲೆಮೂಲೆಯಿಂದ ಜನ ಅಲ್ಲಿಗೆ ಓಡುತ್ತಿದ್ದ ಕಾಲ. ಹಚಿನ್ಸನ್ ಚಿನ್ನದ ಗಣಿಗಳ ನಡುವೆ ಒಂಬತ್ತು ವರ್ಷ ಕಳೆದರು. 1861ರಲ್ಲಿ ಅಲ್ಲಿಂದಲೂ ಹೊರಟು ಫಿಜಿ ದ್ವೀಪಗಳಿಗೆ ಹೋದರು. ಅದೇ ವರ್ಷ ಜುಲೈನಲ್ಲಿ ಅಲ್ಲೇ ತೀರಿಕೊಂಡರು. ವಯಸ್ಸು 50.

ಇದನ್ನ ಓದಿದಾಗ ನಮ್ಮಲ್ಲೇ ಜಗಳ ಆಯ್ತು. ಸಂಸಾರ ಬಿಟ್ಟು ಹೋದವರನ್ನು ಹೊಗಳಿ ಬರೆಯೋದು ಹೇಗೆ ಅಂತ ನಮ್ಮಲ್ಲಿ ಒಬ್ಬಳು ಕೇಳಿದಳು. ಕೊನೆಗೆ ಒಪ್ಪಂದಕ್ಕೆ ಬಂದ್ವಿ, ಹೊಗಳೋದು ಬೇಡ, ಮಾಡಿದ್ದನ್ನ ಮಾಡಿದ ಹಾಗೆ ಹೇಳೋಣ ಅಂತ. ಎರಡು ಸಾವಿರ ಜನರ ಉಸಿರನ್ನು ತಾಳ್ಮೆಯಿಂದ ಅಳೆದವರೂ ಇವರೇ, ಮನೆಯವರನ್ನು ಬಿಟ್ಟು ಹೋದವರೂ ಇವರೇ.

ಮೆಷಿನ್ ಬೇರೆಯವರ ಕೈಗೆ ಸಿಕ್ಕಿತು

ಹಚಿನ್ಸನ್ ಹಡಗು ಹತ್ತುವ ಹೊತ್ತಿಗೆ ಅವರ ಸ್ಪೈರೋಮೀಟರ್ ಆಗಲೇ ಅಟ್ಲಾಂಟಿಕ್ ದಾಟಿತ್ತು. ಅಮೆರಿಕದ ದಕ್ಷಿಣದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನೋ ಡಾಕ್ಟರ್ ಇದ್ದ. ಗುಲಾಮಗಿರಿ ಇರಲೇಬೇಕು ಅಂತ ವಾದ ಮಾಡುತ್ತಿದ್ದವನು. ಕಪ್ಪು ಜನರ ಶ್ವಾಸಕೋಶ ಬಿಳಿಯರಿಗಿಂತ ಶೇಕಡಾ 20ರಷ್ಟು ಕಡಿಮೆ, ಆದ್ದರಿಂದ ದುಡಿಸುವುದೇ ಅವರಿಗೆ ಒಳ್ಳೆಯದು ಅಂತ 1851ರಲ್ಲಿ ಬರೆದ. ಅದಕ್ಕೆ ಆಧಾರ ಸ್ಪೈರೋಮೀಟರ್ ಅಂದ. ಅಮೆರಿಕದ ಅಂತರ್ಯುದ್ಧದ ನಂತರ, 1869ರಲ್ಲಿ, ಬೆಂಜಮಿನ್ ಗೌಲ್ಡ್ ಸೈನಿಕರ ದೊಡ್ಡ ಅಂಕಿಅಂಶ ಪ್ರಕಟಿಸಿದಾಗ ಅದರಲ್ಲೂ ಇದೇ ರೀತಿಯ ಹೋಲಿಕೆ ಬಂತು. ಅವರು ಬೆಳೆದ ಮನೆ ಎಂಥದ್ದು, ತಿಂದ ಊಟ ಏನು, ಮಾಡಿದ ಕೆಲಸ ಏನು ಅಂತ ಆ ಹೋಲಿಕೆ ಕೇಳಲಿಲ್ಲ.

ಇದು ಹಳೇ ಕಥೆ ಅಂತ ಬಿಡೋ ಹಾಗಿಲ್ಲ. ಆ ಯೋಚನೆ ಸ್ಪೈರೋಮೀಟರ್‌ನ ಸಾಫ್ಟ್‌ವೇರ್ ಒಳಗೂ ಬಂದು ಕೂತಿತ್ತು. ಊದೋ ಮುಂಚೆ ವಯಸ್ಸು, ಎತ್ತರದ ಜೊತೆ ಜನಾಂಗವನ್ನೂ ಕೇಳೋರು. ಕಪ್ಪು ಜನರಿಗೆ, ಏಷ್ಯಾದವರಿಗೆ ಇರಬೇಕಾದ ಉಸಿರನ್ನೇ ಕಡಿಮೆ ಅಂತ ಲೆಕ್ಕ ಹಾಕೋರು. ಇರಬೇಕಾದದ್ದೇ ಕಡಿಮೆ ಅಂದಮೇಲೆ, ನಿಜವಾಗಿ ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ನಾರ್ಮಲ್ ಅಂತ ಬರಬಹುದು. ಅಮೆರಿಕನ್ ಥೊರಾಸಿಕ್ ಸೊಸೈಟಿ ಜನಾಂಗ ನೋಡದ ಲೆಕ್ಕ ಬಳಸಿ ಅಂತ ಶಿಫಾರಸು ಮಾಡಿದ್ದು 2023ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ಇಬ್ಬರಿಗೂ ಒಂದೇ ಮೆಷಿನ್ ಅಂತ ಆಗ ಹೇಳಿದ್ವಲ್ಲ, ಅದು ಇದಕ್ಕೇ. ಅದೇ ನಂಬರ್ ರೋಗಿಯನ್ನು ಉಳಿಸೋಕೂ ಆಗುತ್ತೆ, ವಿಮೆ ಕೊಡದೆ ವಾಪಸ್ ಕಳಿಸೋಕೂ ಆಗುತ್ತೆ, ಒಂದು ಜನಾಂಗವನ್ನೇ ಕೀಳು ಅನ್ನೋಕೂ ಆಗುತ್ತೆ. ಸೆನ್ಸರ್ ಕ್ಯಾಲಿಬ್ರೇಟ್ ಮಾಡೋಕೆ ನಮಗೆ ಹೇಳಿಕೊಡ್ತಾರೆ. ಯಾರ ಜೊತೆ ಹೋಲಿಸ್ತಿದೀವಿ ಅನ್ನೋದೂ ಕ್ಯಾಲಿಬ್ರೇಷನ್ನೇ ಅಂತ ನಾವು ಕಲಿತದ್ದು ಇಲ್ಲಿಂದ.

ಮತ್ತೆ ಕೆಮ್ಮಿಗೆ ಬರೋಣ

ಹಚಿನ್ಸನ್ ಬಿಟ್ಟುಹೋದ ಗಡಿಯಾರವನ್ನು ಆಮೇಲಿನವರು ತಂದರು. ಫ್ರಾನ್ಸಿನ ಟಿಫೆನೋ 1947ರಲ್ಲಿ, ನಿಗದಿತ ಸಮಯದಲ್ಲಿ ಎಷ್ಟು ಗಾಳಿ ಬಿಡಬಹುದು ಅಂತ ಅಳೆಯುವುದನ್ನು ತಂದರು. 1959ರಲ್ಲಿ ಮಾರ್ಟಿನ್ ರೈಟ್ ಮತ್ತು ಮೆಕ್‌ಕೆರೋ ಪೀಕ್ ಫ್ಲೋ ಮೀಟರ್ ಪ್ರಕಟಿಸಿದರು. ಆಸ್ತಮಾ ಇರೋರ ಮನೇಲಿ ಇರುವ ಪ್ಲಾಸ್ಟಿಕ್ ಕೊಳವೆ ಅದರ ಮೊಮ್ಮಗು. ಇದೇ ದಾರಿಯಲ್ಲಿ ಕೆಮ್ಮಿನ ಅಳತೆಯೂ ಬಂತು. ಕೆಮ್ಮಿದಾಗ ಗಾಳಿಯ ಅತಿ ಹೆಚ್ಚಿನ ವೇಗ ನಿಮಿಷಕ್ಕೆ ಎಷ್ಟು ಲೀಟರ್ ಅಂತ ನೋಡ್ತಾರೆ. ಸ್ನಾಯು ಕಾಯಿಲೆ ಇರುವವರಲ್ಲಿ ಇದು 270ಕ್ಕಿಂತ ಕೆಳಗಿದ್ದರೆ, ಶೀತ ಕಫ ಆದಾಗ ತೊಂದರೆ ಆಗಬಹುದು ಅಂತ ಎಚ್ಚರ ವಹಿಸ್ತಾರೆ. 160ಕ್ಕಿಂತ ಕೆಳಗೆ ಹೋದರೆ ಕಫವನ್ನು ಹೊರಗೆ ತಳ್ಳೋಕೇ ಆಗೋದು ಕಷ್ಟ.

ಬೇಕಂತ ಕೆಮ್ಮುವಾಗ ಅಪ್ಪಣೆ ಮೆದುಳಿನ ಮೇಲ್ಪದರದಿಂದ ಬರಬೇಕು. ಮೇಷ್ಟ್ರ ಗಮನ ಸೆಳೆಯೋಕೆ ಕೆಮ್ಮೋದು, ಯಾರದೋ ಮನೆ ಬಾಗಿಲಲ್ಲಿ ನಿಂತು ಕೆಮ್ಮೋದು ಎಲ್ಲ ಈ ಜಾತಿ. ನೆತ್ತಿಗೆ ಹತ್ತಿದಾಗ, ಒಗ್ಗರಣೆ ಘಾಟಿಗೆ ಬರೋ ಕೆಮ್ಮು ಹಾಗಲ್ಲ. ಗಂಟಲಿನಿಂದ ವೇಗಸ್ ನರದ ಮೂಲಕ ಸುದ್ದಿ ಮೆದುಳಿನ ಬುಡಕ್ಕೆ ಹೋಗಿ, ಅಲ್ಲಿಂದಲೇ ಉತ್ತರ ಬಂದುಬಿಡುತ್ತೆ. ಕೇಳೋದೂ ಇಲ್ಲ, ಹೇಳೋದೂ ಇಲ್ಲ. ಇದನ್ನು ಅಳೆಯಬೇಕಾದರೆ ಸಿಟ್ರಿಕ್ ಆಸಿಡ್ ಅಥವಾ ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಅನ್ನು ತುಂಬಾ ಕಡಿಮೆ ಪ್ರಮಾಣದಲ್ಲಿ ಉಸಿರಿನ ಜೊತೆ ಕೊಟ್ಟು ಕೆಮ್ಮು ಬರಿಸ್ತಾರೆ. ನಮ್ಮ ಅಮ್ಮಂದಿರು ಮೆಣಸಿನಕಾಯಿ ಹುರಿಯುವಾಗ ಇಡೀ ಬೀದಿಗೆ ಈ ಟೆಸ್ಟ್ ಮಾಡ್ತಾರೆ. ಸ್ಟ್ರೋಕ್ ಆದವರಲ್ಲಿ ಮೇಲಿನ ದಾರಿ ಕೆಟ್ಟು, ಕೆಳಗಿನದು ಉಳಿದಿರಬಹುದು. ಹೇಳಿದರೆ ಕೆಮ್ಮು ಬರಲ್ಲ, ನೀರು ತಪ್ಪಿದರೆ ಬರುತ್ತೆ. ಅದರಲ್ಲಿ ಹಠ ಏನೂ ಇಲ್ಲ.

ನಮ್ಮ ಪ್ರಾಜೆಕ್ಟ್ ಏನಾಯ್ತು ಅಂತ ಕೇಳ್ತೀರಾ? ಮೊದಲ ವಾರ ಎಲ್ಲರ ಕೆಮ್ಮೂ ಸೊನ್ನೆ ತೋರಿಸ್ತಿತ್ತು. ಆರ್ಡುಯಿನೋ ಕೋಡಿನಲ್ಲಿ ಅರ್ಧ ಸೆಕೆಂಡಿಗೆ ಒಂದು ರೀಡಿಂಗ್ ಅಂತ ಬರೆದಿದ್ವಿ. ಕೆಮ್ಮು ತನ್ನ ತುದಿ ಮುಟ್ಟೋದು ಹತ್ತನೇ ಒಂದು ಸೆಕೆಂಡಿಗೂ ಮೊದಲೇ. ನಮ್ಮ ಮೆಷಿನ್ ಕಣ್ಣು ಬಿಡೋಷ್ಟರಲ್ಲಿ ಕೆಮ್ಮು ಹೋಗಿಯಾಗಿತ್ತು. ಅದನ್ನ ಸರಿ ಮಾಡಿದ ಮೇಲೆ ರೀಡಿಂಗ್ ಬಂತು. ವೈವಾದಲ್ಲಿ ಎಕ್ಸ್‌ಟರ್ನಲ್ ಒಂದೇ ಪ್ರಶ್ನೆ ಕೇಳಿದರು, ಇದು ಯಾವ ಕೆಮ್ಮು ಅಂತ. ಬೇಕಂತ ಕೆಮ್ಮಿದ್ದು ಮಾತ್ರ ಸಾರ್, ಇನ್ನೊಂದನ್ನ ಅಳೆಯೋಕೆ ಆಸ್ಪತ್ರೆ ಬೇಕು, ಡಾಕ್ಟರ್ ಬೇಕು, ನಮ್ಮ ಕೈಯಲ್ಲಿ ಆಗಲ್ಲ ಅಂದ್ವಿ. ಅಜ್ಜನ ಹತ್ತಿರ ನಮ್ಮ ಮೆಷಿನ್ ತಗೊಂಡು ಹೋಗಲಿಲ್ಲ. ಕಾಯಿಲೆಯವರ ಮೇಲೆ ಪರೀಕ್ಷೆ ಮಾಡೋಷ್ಟು ಅದು ನಂಬಿಕೆಯದ್ದಲ್ಲ.

ಆದರೆ ನಮ್ಮ ಗೆಳೆಯ ಓದಿದ್ದನ್ನೆಲ್ಲ ಮನೆಯಲ್ಲಿ ಹೇಳಿದ. ಅವನ ಅಮ್ಮ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಆವತ್ತಿಂದ ಆ ಮನೆಯಲ್ಲಿ ಅಜ್ಜನಿಗೆ ಯಾರೂ ಗದರಿಲ್ಲ. ಊಟಕ್ಕೆ ಕೂತಾಗ ನೆಟ್ಟಗೆ ಕೂರಿಸಿ, ಗಂಜಿಯನ್ನು ಸ್ವಲ್ಪ ಗಟ್ಟಿ ಮಾಡಿ, ಒಂದೊಂದೇ ಚಮಚ ಕೊಡ್ತಾರೆ. ಅಜ್ಜ ಈಗಲೂ ಹೇಳಿದಾಗ ಕೆಮ್ಮಲ್ಲ. ಫಿಸಿಯೋಥೆರಪಿಸ್ಟ್ ಈಗಲೂ ದಿನಾ ಕೇಳ್ತಾರೆ.

ನಮಗೆ ಪ್ರಾಜೆಕ್ಟಿಗೆ 50ಕ್ಕೆ 41 ಬಂತು. ಮೆಷಿನ್ ಡಿಪಾರ್ಟ್‌ಮೆಂಟ್ ಬೀರುವಿನಲ್ಲಿದೆ. ಬೇಕಾದ ಜೂನಿಯರ್ಸ್ ಬಂದು ತಗೊಳ್ಳಿ, ಕೋಡ್ ನಾವು ಕೊಡ್ತೀವಿ. ಮೊದಲು ನಿಮ್ಮ ಎತ್ತರ ಬರೆದಿಟ್ಟುಕೊಂಡು, ಆಮೇಲೆ ಕೆಮ್ಮಿ.